ಮಗ್ಗ ನಿಂತ ಹೊತ್ತು

ರಜೆಗೆ ದೇಗಾಂವಕರ ಸರ್ ಕೊಟ್ಟ ಪಟ್ಟಿ:
ಹಳೆಯವು ಹನ್ನೆರಡು, ಹೊಸವು ಎಂಟು,
ಅರ್ಧ ಕೊಲೆ, ಅರ್ಧ ಸಂಸಾರ.
ಒಂದೊಂದಕ್ಕೂ ಒಂದೊಂದು ಪುಟ ಬರೆಯಬೇಕು.

ಬನಹಟ್ಟಿಯ ನಮ್ಮ ಮನೆಯಲ್ಲಿ
ಗೋಡೆಯಾಚೆ ಆರು ಪವರ್‌ಲೂಮು.
ಓಣಿ ತುಂಬ ಇನ್ನೆಷ್ಟೋ.
ಹುಟ್ಟುವ ಮೊದಲೇ ಕೇಳಿದ ಸದ್ದು, ಸದ್ದೆಂದು ಲೆಕ್ಕಕ್ಕಿಲ್ಲ.

ಮೊದಲನೆಯದು ಕಪ್ಪು ಬಿಳುಪು.
ಮೆಟ್ಟಿಲ ಕೆಳಗೊಬ್ಬಳು, ಮೇಲೊಂದು ನೆರಳು.
ಇಲ್ಲಿ ಮೌನವನ್ನು ಕೇಳಿ, ಅಂದಿದ್ದರು ಸರ್.
ಇಯರ್‌ಫೋನು ಒತ್ತಿ ಹಿಡಿದರೂ
ಅವಳ ಹೆಜ್ಜೆ ಹೆಜ್ಜೆಗೂ ನಮ್ಮ ಲಾಳಿ ತಾಳ ಹಾಕಿತು.
ಬಾಗಿಲು ತೆರೆದ ಕೊಲೆಗಾರನ ಬೆನ್ನ ಹಿಂದೆ
ಯಾರೋ ಸೀರೆ ನೇಯುತ್ತಿದ್ದಂತಿತ್ತು.
ಬರೆದೆ: ಭಯವಾಗಲಿಲ್ಲ. ಕಾರಣ, ಮಗ್ಗ.
ಆಮೇಲೆ ಹೊಡೆದುಹಾಕಿದೆ. ಮಾರ್ಕು ಹೋಗುತ್ತವೆ.

ಎರಡನೆಯದಕ್ಕೆ ಚಂದವ್ವ ಕಾಕು ಬಂದು ಕುಂತಳು,
ಮಡಿಲಲ್ಲಿ ಕಂಡಿಕೆಯ ಬುಟ್ಟಿ.
ಭಾಷೆ ತಿಳಿಯದು, ಕೆಳಗೆ ಓಡುವ ಅಕ್ಷರವೂ ಬಾರದು.
ಹದಿನಾಲ್ಕನೇ ನಿಮಿಷಕ್ಕೆ ಅಂದಳು:
"ಆ ಡಾಕ್ಟರನ ನೋಡ, ಕೊಂದಾಂವ."
ಹೆಂಗ ಗೊತ್ತಾತು?
"ಎಲ್ಲಾರೂ ಅಳಾಕತ್ತಾರ.
ಅಂವ ಒಬ್ಬಾಂವ ಎಲ್ಲಾರಿಗೂ ನೀರ ಕೊಡಾಕತ್ತಾನ."
ಎರಡು ತಾಸು ಕಾದೆ, ಕಾಕುವಿನ ಮಾತು ಸುಳ್ಳಾಗಲೆಂದು.
ಆಗಲಿಲ್ಲ.
ಗುಟ್ಟು ಬಯಲಾದಾಗ ಅವಳು ಅಲ್ಲಿರಲೂ ಇಲ್ಲ,
ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಹೊಸವಂತೂ ಬರೀ ಓಟ.
ರೆಪ್ಪೆ ಬಡಿಯುವಷ್ಟರಲ್ಲಿ ಮೂರು ಕತ್ತರಿ,
ಆಕಾಶದಿಂದ ಊರು, ಊರಿಂದ ಬೆರಳು, ಬೆರಳಿಂದ ಪಿಸ್ತೂಲು.
ಎಲ್ಲರಿಗೂ ಹಿಂದೊಂದು ಗಾಯ, ಗಾಯಕ್ಕೊಂದು ಪಿಟೀಲು.
ಬರೆದೆ: ಗಂಟೇ ಕಾಣುತ್ತದೆ, ಬಟ್ಟೆ ಕಾಣುವುದಿಲ್ಲ.
ಬರೆದ ಮೇಲೆ ಹೊಳೆಯಿತು, ಇದು ಅಪ್ಪನ ಮಾತು,
ಅಂಗಡಿಯವ ತಿರುಗಿ ಕಳಿಸಿದ ಸೀರೆಯನ್ನು
ಬಿಸಿಲಿಗೆ ಹಿಡಿದು ಆಡಿದ್ದು.

ಏಳನೆಯದರಲ್ಲಿ ಗಂಡ ಹೆಂಡತಿ ಉಣ್ಣುತ್ತಾರೆ.
ಹನ್ನೊಂದು ನಿಮಿಷ ಕ್ಯಾಮೆರಾ ಮಿಸುಕುವುದಿಲ್ಲ.
ತರಗತಿಯಲ್ಲಿ ನನಗೆ ನಿದ್ದೆ ಬಂದಿತ್ತು.
ಇಲ್ಲಿ ಅವ್ವ ನಿಂತೇ ನೋಡಿದಳು, ಕೈಯಲ್ಲಿ ಇಕ್ಕಳ.
ಗಂಡ ಉಪ್ಪು ಕೇಳಿದ. ಹೆಂಡತಿ ಕೊಟ್ಟಳು.
"ಉಪ್ಪ ಕೈಯಾಗ ಕೊಟ್ಟಳ ನೋಡ," ಅಂದಳು ಅವ್ವ,
"ಜಗಳಕ್ಕ ಹೆದರೂದು ಬಿಟ್ಟಾಳ.
ಇಕಿ ಬಿಟ್ಟ ಹೊಕ್ಕಾಳ."
ಹೋದಳು. ಅವ್ವ ಒಲೆಯ ಕಡೆ ತಿರುಗಿದಳು.
ಆ ಬೆನ್ನಿನ ಶಾಟು ಇನ್ನೂ ನನ್ನ ಬಳಿ ಇದೆ,
ಎಲ್ಲಿ ಕತ್ತರಿಸಬೇಕೋ ತಿಳಿಯದು.

ಹನ್ನೊಂದನೆಯದು ನಡೆದಿತ್ತು, ಅಟ್ಟದಲ್ಲಿ ಯಾರೋ ಅಡಗಿದ್ದರು,
ಕರೆಂಟು ಹೋಯಿತು.
ಆರೂ ಮಗ್ಗ ಒಮ್ಮೆಲೇ ನಿಂತವು. ಓಣಿ ನಿಂತಿತು.
ಊರಿಗೆ ಊರೇ.
ಬ್ಯಾಟರಿಯ ಮೇಲೆ ಸಿನಿಮಾ ತನ್ನಷ್ಟಕ್ಕೆ ಓಡುತ್ತಲೇ ಇತ್ತು.
ಅರವತ್ತು ವರ್ಷ ಆ ಸದ್ದಿನಲ್ಲೇ ಮಲಗಿದ ಆಯಿ
ದಿಗ್ಗನೆ ಎದ್ದು ಕುಂತಳು:
"ಏನಾತು? ಯಾರಿಗೇನಾತು?"
ಏನಿಲ್ಲ ಮಲಕೊ, ಅಂದೆ.
ಅಪ್ಪ ಟಾರ್ಚು ಹಿಡಿದು ಹಾಸಿನ ಎಳೆ ನೋಡುತ್ತಿದ್ದ.
ಬೆಳಕು ಒಂದೊಂದೇ ದಾರ ದಾಟುತ್ತ ಹೋಯಿತು.
ಆಗ ಕೇಳಿತು.
ಮೊದಲು ಬೆಕ್ಕೆಂದುಕೊಂಡೆ.
ಆಮೇಲೆ ಬಾಗಿಲ ಸಂದಿಯ ಗಾಳಿ.
ಸಣ್ಣ ಸಿಳ್ಳೆ, ನಡುವೆ ಒಂದು ಗೊರಕು, ಮತ್ತೆ ಸಿಳ್ಳೆ.
ಟಾರ್ಚು ತಿರುಗಿದತ್ತ ಅದೂ ತಿರುಗುತ್ತಿತ್ತು.
ಅಪ್ಪ ಉಸಿರಾಡುತ್ತಿದ್ದ.

ಎಷ್ಟು ವರ್ಷದಿಂದ ಇತ್ತೋ ಅದು,
ಹತ್ತಿಯ ಧೂಳಿನಲ್ಲಿ, ಈ ಸದ್ದಿನ ಕೆಳಗೆ.

ಕರೆಂಟು ಬಂತು. ಕಟಕಟ ಶುರುವಾಯಿತು.
ಎಲ್ಲರಿಗೂ ಹಾಯೆನಿಸಿತು, ಆಯಿ ಮತ್ತೆ ನಿದ್ದೆಹೋದಳು.
ನೋಟಬುಕ್ಕಿನಲ್ಲಿ ಹನ್ನೊಂದು ಎಂದು ಬರೆದು
ಪೆನ್ನು ಹಾಗೇ ಹಿಡಿದಿದ್ದೆ.
ಕಾಕೂ, ಕೇಳಿದೆ, ನಿನಗ ಯಾವಾಗಿಂದ ಗೊತ್ತು?
ಕಂಡಿಕೆ ಸುತ್ತುತ್ತಿದ್ದವಳು ತಲೆ ಎತ್ತಲಿಲ್ಲ.
ಮಗ್ಗದ ಸದ್ದಿಗೆ ಕೇಳಿಸಲಿಲ್ಲವೋ ಏನೋ.
ಸ್ವಲ್ಪ ಹೊತ್ತಿಗೆ ಎದ್ದಳು,
ಹಿತ್ತಾಳೆಯ ಚೊಂಬು ತುಂಬಿಕೊಂಡು
ಅಪ್ಪನಿಗೆ ನೀರು ಕೊಡಲು ಹೋದಳು.